ನೂರ ಹನ್ನೆರಡನೆಯ ಸಾಲು

"ಆ ನಿನ್ನ ಕ್ಯಾಪ್ಶನ್ ಫೈಲ್ ಕೆಟ್ಟೋಗಿತ್ತು ಕಣಮ್ಮ. ಕಂಪ್ಯೂಟರಲ್ಲಿ ಹಾಕಿ ನೋಡಿದೆ, ಒಂದಕ್ಷರಾನೂ ಕಾಣ್ಲಿಲ್ಲ. ತೆಗೆದುಬಿಟ್ಟೆ."

ಸ್ಟುಡಿಯೋದ ಯಜಮಾನ ಇದನ್ನು ಟೀ ಹೀರುತ್ತಾ ಹೇಳಿದ. ಹೇಳುವ ಹೊತ್ತಿಗೆ ಡಿವಿಡಿಗಳೆಲ್ಲ ಅಚ್ಚಾಗಿ, ಪೆಟ್ಟಿಗೆ ಸೇರಿ, ಕಾರ್ಖಾನೆಗೆ ಹೋಗಿಯೂ ಆಗಿತ್ತು.

ಅಲ್ಲಿ ಎಲ್ಲರೂ ಕ್ಯಾಪ್ಶನಮ್ಮ ಎಂದು ಛೇಡಿಸುತ್ತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಡಿದ ಮಾತನ್ನು ತೆರೆಯ ಕೆಳಗೆ ಬರೆದು ತೋರಿಸುವ ಆ ಅಕ್ಷರಗಳು ಟೀವಿಯಲ್ಲಿ, ರಿಮೋಟಿನ ಗುಂಡಿ ಒತ್ತಿದರೆ ಮಾತ್ರ ಏಳುವಂಥವು. ಕಂಪ್ಯೂಟರಿನಲ್ಲಿ ತೆಪ್ಪಗೆ ಒಳಗೇ ಕೂತಿರುತ್ತವೆ. ಇದನ್ನು ಅವನಿಗೆ ಎಷ್ಟು ಸಲ ಹೇಳಿದ್ದಳು! ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕಲಿಯುತ್ತಿತ್ತು.

ಮೂರು ವಾರ ಕೂತು, ಚಿತ್ರದಲ್ಲಿ ಮಾತನಾಡುವವನ ಉಸಿರಿಗೆ ಸರಿಯಾಗಿ ಒಂದೊಂದೇ ಸಾಲನ್ನು ಕೂರಿಸಿದ್ದಳು. ಕತ್ತರಿಸುವ ಯಂತ್ರದ ಮುಂದೆ ಹೇಗೆ ಜೋಪಾನವಾಗಿರಬೇಕು ಎಂದು ಕಲಿಸುವ ಚಿತ್ರ ಅದು. ಆ ಕಾರ್ಖಾನೆಯಲ್ಲಿ ಕಿವಿ ಕೇಳದವರು ನಲವತ್ತು ಜನ. ಅವರಲ್ಲಿ ಒಬ್ಬಳು ಅವಳ ಸ್ವಂತ ಅಕ್ಕ. ಸ್ವಿಚ್ ಆರಿಸಿದ ಮೇಲೂ ಮುಚ್ಚಳದೊಳಗೆ ಅಲಗು ತಿರುಗುತ್ತಲೇ ಇರುತ್ತದೆ. ಕೇಳಿಸುವವರು ಸದ್ದು ನಿಂತ ಮೇಲೆ ಕೈ ಹಾಕುತ್ತಾರೆ. ಅಕ್ಕ ಹೋದ ವರ್ಷ ಅಂದಾಜಿನ ಮೇಲೆ ಕೈ ಹಾಕಿ ಎರಡು ಬೆರಳು ಕಳೆದುಕೊಂಡಿದ್ದಳು. ಎಷ್ಟು ಹೊತ್ತು ಕಾಯಬೇಕು ಎನ್ನುವುದು ನೂರ ಹನ್ನೆರಡನೆಯ ಸಾಲಿನಲ್ಲಿತ್ತು. ಅಕ್ಕನಿಗೆ ಈಗ ಅದು ಗೊತ್ತು. ಉಳಿದ ಮೂವತ್ತೊಂಬತ್ತು ಜನಕ್ಕೆ?

"ಏಳಿ, ಕಾರ್ಖಾನೆಗೆ ನಡೀರಿ," ಎಂದಳು.

"ಚಿತ್ರ ಕಾಣತ್ತಲ್ಲಮ್ಮ, ಸಾಕು ಬಿಡು. ಅದೇನು ಮಹಾ..."

"ನಡೀರಿ ಅಂದೆ."

ಆ ದನಿ ಕೇಳಿ ಯಜಮಾನ ಲೋಟ ಕೆಳಗಿಟ್ಟ.

ಇಬ್ಬರೂ ಹೋಗಿ ಮುಟ್ಟಿದಾಗ ಕಾರ್ಖಾನೆಯ ಊಟದ ಕೋಣೆಯಲ್ಲಿ ಚಿತ್ರ ಓಡುತ್ತಿತ್ತು. ನಲವತ್ತು ಜನ ಬೆಂಚುಗಳ ಮೇಲೆ ಕೂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಮೇಲ್ವಿಚಾರಕ 'ಎಲ್ಲ ಅರ್ಥವಾಗಿದೆ' ಎಂದು ಅಚ್ಚಾದ ಕಾಗದಕ್ಕೆ ಆಗಲೇ ಸಹಿ ಹಾಕಿಸಿಕೊಳ್ಳುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಅಕ್ಕ ರಿಮೋಟಿನ ಗುಂಡಿಯನ್ನು ಒತ್ತಿ ಒತ್ತಿ ಸೋತಿದ್ದಳು. ತಂಗಿಯನ್ನು ಕಂಡವಳೇ, ಎಲ್ಲಿ ನಿನ್ನ ಅಕ್ಷರ ಎಂದು ಕೈಸನ್ನೆಯಲ್ಲೇ ಗದರಿದಳು.

ತಂಗಿ ಅವಳ ಕೈಯಿಂದ ರಿಮೋಟ್ ಕಿತ್ತುಕೊಂಡು ಟೀವಿಯ ಸದ್ದು ಆರಿಸಿದಳು. ತೆರೆಯ ಮೇಲಿನವನು ಸ್ವಿಚ್ ಆರಿಸಿ, ಮುಚ್ಚಳದ ಮೇಲೆ ಬೆರಳಿಟ್ಟು, ಏನೋ ಹೇಳಿದ.

"ಈಗ ಹೇಳಿ. ಏನಂದ ಅವನು?"

ಯಜಮಾನ ತಲೆ ಕೆರೆದುಕೊಂಡ. "ಸದ್ದಿಲ್ದೆ ಹೆಂಗಮ್ಮ ಗೊತ್ತಾಗತ್ತೆ?"

"ಮೂರು ವಾರದಿಂದ ನಿಮ್ಮ ಸ್ಟುಡಿಯೋದಲ್ಲೇ ಇದ್ದ ಚಿತ್ರ. ಒಂದ್ಸಲನಾದ್ರೂ ಪೂರ್ತಿ ನೋಡಿದ್ರಾ? ಸ್ವಿಚ್ ಆರಿಸಿ ಎಷ್ಟು ಎಣಿಸ್ಬೇಕು, ಹೇಳಿ!"

ಕೋಣೆಯಲ್ಲಿದ್ದವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಸಹಿ ಹಾಕುತ್ತಿದ್ದವರೂ ಪೆನ್ನನ್ನು ಕಾಗದದಿಂದ ಮೇಲೆತ್ತಿದರು.

"ಒಂದು... ಐದು? ಐದೆಣಿಸಿದ್ರೆ ಸಾಕಲ್ವಾ?"

ತಂಗಿ ಅದನ್ನು ಕೈಸನ್ನೆಯಲ್ಲಿ ಅಕ್ಕನಿಗೆ ಹೇಳಿದಳು. ಅಕ್ಕ ಎದ್ದು ಬಂದು, ಮೂರೇ ಬೆರಳಿದ್ದ ಬಲಗೈಯನ್ನು ಅಗಲಿಸಿ ಯಜಮಾನನ ಮುಖದೆದುರು ಹಿಡಿದಳು.

"ಇವಳೂ ಐದೇ ಎಣಿಸಿದ್ದು," ಎಂದಳು ಕ್ಯಾಪ್ಶನಮ್ಮ. "ಹತ್ತು ಎಣಿಸ್ಬೇಕು. ಈಗ ಆ ಡಿವಿಡಿ ಪೆಟ್ಟಿಗೆಗಳನ್ನ ನೀವೇ ಸ್ಟುಡಿಯೋಗೆ ವಾಪಸ್ ಹೊತ್ಕೊಂಡು ನಡೀರಿ."