ಕಾಲ್ದೆಸೆಯ ಬಟ್ಟೆ

ನಾನು ಒಂದು ಅಲಂಕಾರದ ಪಟ್ಟಿ. ಹೋಟೆಲಿನ ಬಿಳಿ ಹಾಸಿಗೆಯ ಮೇಲೆ, ಕಾಲು ಚಾಚುವ ಕಡೆ ಅಡ್ಡಲಾಗಿ ಹಾಸಿರುತ್ತಾರಲ್ಲ, ಅದೇ. ಹುಟ್ಟಿದ್ದು ರಬಕವಿಯ ವಿದ್ಯುತ್ ಮಗ್ಗದಲ್ಲಿ. ಕಡುಗೆಂಪು ಮೈ, ಅಂಚಿಗೆ ಜರಿ. ನಾನು ಯಾತಕ್ಕೆಂದು ನೇಯ್ದವರಿಗೂ ತಿಳಿದಿರಲಿಲ್ಲ. ಹೊದೆಯಲು ಅಗಲ ಸಾಲದು, ಮೈ ಒರೆಸಿದರೆ ಜರಿ ಚುಚ್ಚುತ್ತದೆ.

ತಿಳಿಸಿದವರು ಹುಬ್ಬಳ್ಳಿಯ ಹೋಟೆಲಿನ ಮೇಲ್ವಿಚಾರಕ ಜೋಶಿಯವರು. ಕೋಣೆ ಸ್ವಚ್ಛ ಮಾಡುವ ನೀಲವ್ವನನ್ನು ಕರೆದು, “ಬಸ್ಸಿಳಿದು ಬಂದವರು ಚೀಲ ಎಸೆಯುವುದೂ ಹಾಸಿಗೆಯ ಮೇಲೆ, ಬೂಟು ಬಿಚ್ಚದೆ ಉರುಳುವುದೂ ಅದರ ಮೇಲೆ. ಆ ಧೂಳನ್ನು ಇದು ತಿನ್ನಲಿ, ಚಾದರ ಬೆಳ್ಳಗಿರಲಿ, ನೋಡಲು ಚಂದವೂ ಆಯಿತು” ಎಂದರು. ಇಷ್ಟು ಚೆಲುವಿಗೆ ಇಂಥ ಚಾಕರಿಯೇ ಎಂದು ನೀಲವ್ವ ನನ್ನನ್ನು ಸವರಿ ನಕ್ಕಳು.

ಇನ್ನೂರೇಳನೇ ಕೋಣೆಯಲ್ಲಿ ವರ್ಷಗಳು ಕಳೆದವು. ಮಗುವೊಂದು ನನ್ನನ್ನು ರುಮಾಲಿನಂತೆ ಸುತ್ತಿಕೊಂಡಿತು. ಯಾರೋ ನನ್ನ ಮೇಲೆ ಗಿರಮಿಟ್ಟಿನ ಮಂಡಕ್ಕಿ ಹರಡಿ ತಿಂದರು. ಹೆಚ್ಚಿನವರು ಕುರ್ಚಿಗೆ ಎಸೆದರು.

ಒಂದು ಭಾನುವಾರ ಆ ಕೋಣೆಗೆ ನವಲಗುಂದದ ಭರಮಪ್ಪ ಬಂದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಒಂದೂ ಅಪಘಾತ ಮಾಡದೆ ನಿವೃತ್ತರಾದ ಡ್ರೈವರ್. ಸಂಜೆ ಕೆಳಗಿನ ಸಭಾಂಗಣದಲ್ಲಿ ಡಿಪೋದ ಗೆಳೆಯರಿಂದ ಸನ್ಮಾನ. ಶಾಲು ಹೊದಿಸಬೇಕಾದವರು ಅವರ ಬಸ್ಸಿನ ಹಳೆಯ ಕಂಡಕ್ಟರ್ ಮೌಲಾಸಾಬರು. ಕೆಂಪು ಶಾಲು ಕೋಣೆಯಲ್ಲಿದೆ ಎಂದು ಯಾರೋ ಹೇಳಿದ್ದರು. ಮೌಲಾಸಾಬರು ಏದುಸಿರು ಬಿಡುತ್ತ ಬಂದು, ಕಪಾಟು ತೆರೆಯದೆ, ಕಣ್ಣಿಗೆ ಬಿದ್ದ ನನ್ನನ್ನೇ ಒಯ್ದರು. ಚಪ್ಪಾಳೆಯ ನಡುವೆ ಭರಮಪ್ಪನವರ ಹೆಗಲೇರಿದೆ. ಹಾಗೆಯೇ ಬಸ್ಸು ಹತ್ತಿ ನವಲಗುಂದ ಸೇರಿದೆ.

ಮರುದಿನ ನೀಲವ್ವನಿಗೆ ಕಪಾಟಿನಲ್ಲಿ ಶಾಲು ಸಿಕ್ಕಿತು, ನಾನು ಸಿಗಲಿಲ್ಲ. ಆದದ್ದು ಅವಳಿಗೆ ತಿಳಿದುಹೋಯಿತು. ಜೋಶಿಯವರು ಫೋನು ಮಾಡಿ ಕೇಳೋಣವೆಂದರು. ಬೂಟಿನ ಧೂಳಿನ ಬಟ್ಟೆ ಹೊದ್ದಿದ್ದೀರಿ ಎಂದು ಆ ಹಿರಿಯರಿಗೆ ಫೋನಿನಲ್ಲಿ ಹೇಳಲು ಅವಳು ಬಿಡಲಿಲ್ಲ. ತಾನೇ ತರುತ್ತೇನೆ, ತರದಿದ್ದರೆ ಕೆಲಸಕ್ಕೂ ಬರುವುದಿಲ್ಲ ಎಂದಳು. ಹಾಗಾದರೆ ಗುರುವಾರದ ತನಕ ನೋಡುತ್ತೇನೆ ಎಂದರು ಜೋಶಿ.

ನವಲಗುಂದದಲ್ಲಿ ನಾನು ಭರಮಪ್ಪನವರ ಮನೆಯ ಪಡಸಾಲೆಯ ಗೂಟದಲ್ಲಿದ್ದೆ. ನೀಲವ್ವ ಬಂದು ಕುಳಿತು ಚಹಾ ಕುಡಿದಳು. ಬಸ್ಸಿನ ಗದ್ದಲದ ಮಾತಾಡಿದಳು, ಬದನೆಕಾಯಿ ಬೆಲೆಯ ಮಾತಾಡಿದಳು. ಬಂದ ಕಾರಣ ಮಾತ್ರ ಬಾಯಿಗೆ ಬರಲಿಲ್ಲ. ಕೊನೆಗೆ ಕಪಾಟಿನಲ್ಲಿ ಸಿಕ್ಕಿದ್ದ ಶಾಲನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟಳು.

ಭರಮಪ್ಪ ನಕ್ಕರು. “ಹೇಳಾಕ ಇಷ್ಟ ತ್ರಾಸ ಯಾಕ ತಂಗಿ? ಅವತ್ತ ಮಧ್ಯಾಹ್ನ ಉಂಡು, ಬೂಟ ಸೈತ ತಗೀದನ ಇದರ ಮ್ಯಾಲೆ ಕಾಲ ಚಾಚಿ ಮಲಗಿದ್ದೆ. ಹೊಚ್ಚಿದ ಕೂಡ್ಲೆ ಗುರ್ತ ಹತ್ತಿತು.”

“ಮತ್ತ ಸುಮ್ಮನ ಯಾಕ ಕುಂತ್ರಿ, ಅಣ್ಣಾರ?”

“ಹೊಚ್ಚಿದಂವ ಮೌಲಾ. ಇಪ್ಪತ್ತ ವರ್ಷ ಅಂವ ಸೀಟಿ ಹೊಡದ್ರ ನಿಂತೀನಿ, ಸೀಟಿ ಹೊಡದ್ರ ಬಿಟ್ಟೀನಿ. ಅಷ್ಟ ಮಂದಿ ಮುಂದ ಅವನ ತಪ್ಪ ಹಿಡೀಲೇನು?”

ಮೌಲಾಸಾಬರಿಗೆ ಮಾತ್ರ ಈ ಸುದ್ದಿ ಮುಟ್ಟಬಾರದು ಎಂದರು. ನೀಲವ್ವ ಹೂಂ ಎಂದಳು. ಅವರೇ ನನ್ನನ್ನು ಮಡಚಿ ಅವಳ ಕೈಗಿಟ್ಟರು.

ಮತ್ತೆ ಅದೇ ಹಾಸಿಗೆ, ಬೇರೆ ಬೇರೆ ಬೂಟುಗಳು. ಈಗ ಜರಿ ಕಪ್ಪಾಗಿದೆ, ನೀಲವ್ವನ ಇಸ್ತ್ರಿ ಮೇಜಿಗೆ ಹಾಸಾಗಿದ್ದೇನೆ. ಕಾಲ ಕೆಳಗಿದ್ದಾಗ ನಾಚಿಕೆಯಾಗಿರಲಿಲ್ಲ, ಹೆಗಲೇರಿದಾಗ ಸೊಕ್ಕೂ ಬರಲಿಲ್ಲ. ಬಟ್ಟೆಗೆ ಎರಡೂ ಒಂದೇ, ಲೆಕ್ಕವೆಲ್ಲ ಮನುಷ್ಯರದು. ಇಸ್ತ್ರಿ ಮಾಡುತ್ತ ನೀಲವ್ವ ಜೊತೆಯವಳಿಗೆ ನವಲಗುಂದದ ಸುದ್ದಿ ಹೇಳುತ್ತಾಳೆ. ಮೌಲಾಸಾಬರು ಭರಮಪ್ಪನವರ ಮನೆಗೆ ಹೋದಾಗಲೆಲ್ಲ ಶಾಲು ತರಿಸಿ, ಬೆರಳಲ್ಲಿ ತಿಕ್ಕಿ, ಅವತ್ತು ಇದು ಬಹಳ ದಪ್ಪ ಇತ್ತಲ್ಲೋ ಅನ್ನುತ್ತಾರಂತೆ. ಒಗೆದೊಗೆದು ತೆಳ್ಳಗಾಯಿತು ಅನ್ನುತ್ತಾರಂತೆ ಭರಮಪ್ಪ.