ಒಂದೇ ಬಟ್ಟಲಿನ ಮುಲಾಮು

ಬೆಳಗಿನ ಏಳು ಗಂಟೆ. ಉಪ್ಪಿನ ಆಗರದ ನಾಲ್ಕನೇ ಮಡಿಯ ಗುಡ್ಡೆಯ ಮೇಲೆ ರಕ್ತ ಬಿದ್ದಿತ್ತು.

ಅದು ಹಿರಿಯಾಕೆ ಸೋಮೋಯೆಯ ಎಡಗಾಲಿನದು. ಅವಳಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಅವಳ ಅಂಗಾಲಿನ ನೋವನ್ನು ಎಂದೋ ತಿಂದು ಮುಗಿಸಿತ್ತು. ಉದ್ದ ಹಿಡಿಯ ಹಲಗೆಯಿಂದ ಉಪ್ಪನ್ನು ತನ್ನತ್ತ ಎಳೆದುಕೊಳ್ಳುತ್ತ ಅವಳು ಹಿಂದೆ ಹಿಂದೆ ಸರಿಯುತ್ತಿದ್ದಳು. ಕಾಲಿಟ್ಟಲ್ಲೆಲ್ಲ ಬಿಳಿಯ ಮೇಲೆ ತೆಳು ಕೆಂಪು ಮೂಡುತ್ತಿತ್ತು. ಮೊದಲು ನೋಡಿದವನು ನ್ಯಾಪಾರ, ಅಂದರೆ ನಮ್ಮ ಮೇಸ್ತ್ರಿ, ಮಚುಪಾ.

“ಏಯ್ ಮುದ್ಕಿ! ಉಪ್ ಎಳೀತಿದೀಯೋ, ಕುರಿ ಕುಯ್ತಿದೀಯೋ?”

ಸೋಮೋಯೆ ಕಾಲೆತ್ತಿ ನೋಡಿಕೊಂಡಳು. “ಅಯ್ಯೋ, ಕಟ್ಟಿದ್ ಬಟ್ಟೆ ಬಿಚ್ಕೊಂಡದೆ ಕಣಪ್ಪ.”

“ಬಟ್ಟೆಯಂತೆ ಬಟ್ಟೆ! ನಿನ್ ಕೀವ್ನ ದಾರ್ ಪಟ್ಟಣದೋರು ಸಾರಿಗ್ ಹಾಕ್ಕೊಂಡ್ ಉಣ್ಬೇಕೇನೇ? ಉಪ್ ಕೆದ್ಕೋ ಕತ್ತೆಗೆ ಸಕ್ಕರೆ ಕಾಯ್ಲೆ ಬೇರೆ ಕೇಡು. ತಿನ್ನಾದ್ ಉಗಾಲಿ ಮುದ್ದೆ, ರೋಗ ಮಾತ್ರ ಸಾವ್ಕಾರಂದು!”

ಪಕ್ಕದ ಮಡಿಯಲ್ಲಿ ಒಬ್ಬಿಬ್ಬರು ನಕ್ಕರು. ಅವನ ಮಾತಿಗೆ ನಗದವರಿಗೆ ಮರುದಿನ ಕಾಲುವೆಯ ಕೆಸರು ಎತ್ತುವ ಕೆಲಸ ಬೀಳುತ್ತದೆ. ಮಚುಪಾ ಗುಡ್ಡೆಯನ್ನು ಒದ್ದು ಒದ್ದು ಕಾಲುವೆಗೆ ಕೆಡವಿದ. ಸೋಮೋಯೆ ನಸುಕಿನಿಂದ ಎಳೆದಿದ್ದೆಲ್ಲ ನೀರಾಯಿತು.

“ರಕ್ತ ಬಿದ್ದಿದ್ದು ಒಂದ್ ಬೊಗ್ಸೆ. ಗುಡ್ಡೆ ಪೂರಾ ಯಾಕ್ ಕೆಡವ್ದೆ?” ಎಂದಳು ಚೌಸಿಕು. ಅವಳು ಸೋಮೋಯೆಯ ಪಕ್ಕದ ಖೋಲಿಯವಳು; ಅವಳಿಗೂ ಹೆಬ್ಬೆರಳಿನ ಬುಡದಲ್ಲಿ ಅದೇ ಹುಣ್ಣು.

“ಆ ಬೊಗ್ಸೆ ನಿನ್ ಬಾಯಿಗ್ ತುರುಕ್ಲೇನೇ, ಹಲ್ಕಾ ಮುಂಡೆ?”

“ತುರ್ಕು. ಸಂಬ್ಳ ಅಂತ ಬರ್ಕೊಂಡ್ ತಿಂತೀನಿ.”

ಆಗರದಲ್ಲಿ ಚಪ್ಪಲಿ ಹಾಕುವಂತಿಲ್ಲ. ಮಡಿಯ ತಳ ತುಳಿದು ತುಳಿದು ಗಟ್ಟಿ ಮಾಡಿದ ಜೇಡಿಮಣ್ಣು. ಬರಿಗಾಲು ಅದನ್ನು ನಯ ಮಾಡುತ್ತದೆ, ಚಪ್ಪಲಿಯ ಗಟ್ಟಿ ಅಟ್ಟೆ ಅದನ್ನು ಒಡೆಯುತ್ತದೆ. ತಳ ಒಡೆದರೆ ಉಪ್ಪಿನೊಳಗೆ ಕೆಸರು ಬರುತ್ತದೆ, ಬೆಲೆ ಬೀಳುತ್ತದೆ. ಹಾಗಾಗಿ ಮಳೆಗಾಲ ಬಿಟ್ಟರೆ ನಮ್ಮ ಕಾಲು ಸದಾ ಉಪ್ಪುನೀರಿನಲ್ಲಿ. ಒಣಗಿದ ಉಪ್ಪಿನ ಅಂಚು ಗಾಜಿನ ಚೂರಿನ ಹಾಗೆ ಕೊಯ್ಯುತ್ತದೆ. ನೋವು ತಿಳಿಯುವವನು ಕಾಲೆತ್ತಿಕೊಳ್ಳುತ್ತಾನೆ. ಸಕ್ಕರೆ ಕಾಯಿಲೆಯವನು ಅದರ ಮೇಲೇ ನಡೆಯುತ್ತಾನೆ.

ಉಪ್ಪು ಕೆದಕಲಾಗದವರಿಗೆ ಖೋಲಿ ಇಲ್ಲ ಎಂಬುದು ಆಗರದ ಇನ್ನೊಂದು ನಿಯಮ. ಸೋಮೋಯೆಗೆ ಊರೆಂದು ಹೇಳಿಕೊಳ್ಳಲು ಕೂಲಿಗಾರರ ಮನೆಗಳ ಸಾಲಿನ ಆ ಖೋಲಿಯೊಂದೇ ಇತ್ತು. ಗಂಡ ಮೀನಿಗೆ ಹೋದವನು ಬರಲಿಲ್ಲ. ಮಗಳು ಹೆರಿಗೆಯಲ್ಲಿ ಹೋದಳು. ಕಾಲು ಇರುವವರೆಗೆ ಖೋಲಿ. ಅವಳಿಗೆ ಅಷ್ಟು ತಿಳಿದಿತ್ತು.

ಡಾಕ್ಟರ್ ಕಿಸಂಗಾ ದಾರ್‌ನಿಂದ ಬಂದದ್ದು ಗೋಡಂಬಿ ಹೂಬಿಡುವ ಕಾಲದಲ್ಲಿ. ಜೊತೆಗೆ ಒಬ್ಬ ನರ್ಸ್, ಒಂದು ಫ್ರಿಜ್, ಅದನ್ನು ನಡೆಸಲು ಸೌರ ಫಲಕ. ಮ್ಯಾನೇಜರ್ ನಮ್ಮನ್ನು ಕಚೇರಿ ಮುಂದಿನ ಗೋಡಂಬಿ ಮರದಡಿ ಸಾಲಾಗಿ ಕೂರಿಸಿ ಕಾಲು ಚಾಚಿಸಿದ. ಸಂತೆಯಲ್ಲಿ ದನದ ಬಾಯಿ ನೋಡುವ ಹಾಗೆ ನರ್ಸ್ ಒಬ್ಬೊಬ್ಬರ ಅಂಗಾಲು ನೋಡುತ್ತ ಬಂದಳು. ಹೊಸ ಮದ್ದಿನ ಪರೀಕ್ಷೆಗೆ ಹನ್ನೊಂದು ಜನರನ್ನು ಆರಿಸಿದರು. ಸೋಮೋಯೆ, ಚೌಸಿಕು ಇದ್ದರು. ನಾನೂ ಇದ್ದೆ. ನನ್ನ ಹಿಮ್ಮಡಿಯಲ್ಲಿ ಒಂದು ಶಿಲಿಂಗ್ ಬಿಲ್ಲೆಯಗಲದ ಗುಳಿ ಇತ್ತು.

ಡಾಕ್ಟರ್ ಸಮಾಧಾನದ ಮನುಷ್ಯ. ಎಲ್ಲವನ್ನೂ ವಿವರಿಸಿ ಹೇಳಿದರು.

“ಇದು ಗಾಯಕ್ಕೆ ಹಚ್ಚೋ ಜೆಲ್. ನಮ್ಮ ಮೈಯಲ್ಲೇ ಚರ್ಮ ಬೆಳೆಯೋಕೆ ಹೇಳೋ ಒಂದು ಅಂಶ ಇರುತ್ತೆ. ಅದನ್ನೇ ತಯಾರು ಮಾಡಿ ಇದರಲ್ಲಿ ಸೇರಿಸಿದ್ದಾರೆ. ದಿನಕ್ಕೊಂದು ಸಲ ಹಚ್ಚಬೇಕು. ತಂಪಲ್ಲಿ ಇಡಬೇಕು. ಗಾಯಕ್ಕೆ ನೀರು ತಾಗಬಾರದು. ಆ ಕಾಲ ಮೇಲೆ ಭಾರ ಹಾಕಬಾರದು.”

ಚೌಸಿಕು ನಕ್ಕಳು. “ಡಾಕ್ಟ್ರೇ, ಹಂಗಾದ್ರೆ ತಲೆ ಕೆಳಗ್ ಮಾಡ್ಕೊಂಡ್ ಕೆದಕ್ಬೇಕಾ?”

“ಇವರಿಗೆಲ್ಲ ನೆರಳಲ್ಲಿ ಕೂತು ಮಾಡೋ ಕೆಲಸ ಕೊಡ್ತೀವಿ ಅಂತ ಮ್ಯಾನೇಜರ್ ಒಪ್ಪಿದ್ದಾರೆ,” ಎಂದರು ಡಾಕ್ಟರ್. ಪಕ್ಕದಲ್ಲಿದ್ದ ಮ್ಯಾನೇಜರ್ ತಲೆಯಾಡಿಸಿದ.

“ಇನ್ನೊಂದು ವಿಷಯ. ಒಬ್ಬೊಬ್ಬರಿಗೆ ಅವರದೇ ಒಂದೊಂದು ಟ್ಯೂಬ್. ಎಲ್ಲ ಟ್ಯೂಬಲ್ಲೂ ಮದ್ದು ಇರಲ್ಲ. ಅರ್ಧದಷ್ಟರಲ್ಲಿ ಬರೀ ಜೆಲ್. ಯಾವುದರಲ್ಲಿ ಇದೆ ಅಂತ ನನಗೂ ಗೊತ್ತಿಲ್ಲ, ನರ್ಸಿಗೂ ಗೊತ್ತಿಲ್ಲ. ಹಾಗಿದ್ರೇನೇ ಮದ್ದು ಕೆಲಸ ಮಾಡುತ್ತೋ ಇಲ್ವೋ ಅಂತ ಸರಿಯಾಗಿ ತಿಳಿಯೋದು.”

ಸೋಮೋಯೆ ಕೇಳಿದಳು, “ಅಂದ್ರೆ ನಂಗೆ ಬರೀ ಜಿಡ್ ಬಂದಿದ್ರೆ?”

“ಗಾಯ ತೊಳೆದು ಕಟ್ಟೋದು ಎಲ್ಲರಿಗೂ ಒಂದೇ ತರ ಮಾಡ್ತೀವಿ, ತಾಯಿ. ಮದ್ದು ಒಳ್ಳೇದು ಅಂತ ಸಾಬೀತಾದ್ರೆ ಮುಂದೆ ಎಲ್ಲರಿಗೂ ಸಿಗುತ್ತೆ.”

“ಮುಂದೆ ಸಿಗೋವಾಗ ಕಾಲ್ ಇರ್ಬೇಕಲ್ಲಪ್ಪ, ಹಚ್ಕೊಳ್ಳಕ್ಕೆ.”

ನರ್ಸ್ ಮುಂದಿನ ಹೆಸರು ಕರೆದಳು.

ಫ್ರಿಜ್ ಇಟ್ಟದ್ದು ಮಚುಪಾನ ಮನೆಯಲ್ಲಿ. ಸಂಜೆ ಕೆಲಸ ಮುಗಿಸಿ ಹನ್ನೊಂದು ಜನ ಅವನ ಅಡುಗೆಮನೆಯ ಹಿಂದೆ, ಕೋಳಿಗೂಡಿನ ಪಕ್ಕ ನಿಲ್ಲಬೇಕು. ಅವನ ಹೆಂಡತಿ ಮೂಗಿಗೆ ಹೊದ್ದ ಖಾಂಗಾ ಬಟ್ಟೆಯ ಸೆರಗು ಒತ್ತಿಕೊಂಡು ಟ್ಯೂಬುಗಳನ್ನು ಕೈಗೆ ಕೊಡದೆ ಮೆಟ್ಟಿಲ ಮೇಲೆ ಇಡುತ್ತಿದ್ದಳು. ಹಚ್ಚಿಕೊಂಡು ಅಲ್ಲೇ ವಾಪಸು ಇಟ್ಟು ಹೋಗಬೇಕು. ಒಂದು ಸಂಜೆ ಮಚುಪಾ ಬಾಗಿಲಲ್ಲಿ ಸಿಹಿ ಸೋಡಾ ಕುಡಿಯುತ್ತ ನಿಂತಿದ್ದ.

“ನಿಮ್ ಮುಲಾಮ್ ಪಕ್ಕ ಇಟ್ಟು ಇಟ್ಟು ನನ್ ಸೋಡಾನೂ ಹೆಣದ ವಾಸ್ನೆ ಬತ್ತದೆ.”

“ಇಲ್ ಕೊಡು, ನಾವ್ ಕುಡೀತೀವಿ,” ಎಂದಳು ಚೌಸಿಕು. “ನಮ್ ವಾಸ್ನೆ ನಮಗ್ ರೂಢಿ ಆಗದೆ.”

“ಸಕ್ಕರೆ ಕಾಯ್ಲೆಯೋಳ್ಗೆ ಸೋಡಾ! ಸತ್ರೆ ನನ್ ತಲೆಗ್ ಕಟ್ತೀರ,” ಎಂದು ಅವನು ಉಳಿದದ್ದನ್ನು ಕೋಳಿಗಳ ಕಡೆಗೆ ಚೆಲ್ಲಿದ.

ನೆರಳಿನ ಕೆಲಸ ಸಿಕ್ಕಿದ್ದು ಡಾಕ್ಟರು ಬರುವ ದಿನಗಳಲ್ಲಿ ಮಾತ್ರ. ಆ ಬೆಳಿಗ್ಗೆ ಹನ್ನೊಂದು ಜನರನ್ನು ಗೋದಾಮಿನ ಜಗಲಿಯಲ್ಲಿ ಕೂರಿಸಿ ಕೈಗೆ ದಬ್ಬಣ ಕೊಟ್ಟು ಚೀಲ ಹೊಲಿಸುತ್ತಿದ್ದರು. ಡಾಕ್ಟರು ಕೊಟ್ಟಿದ್ದ ದಪ್ಪ ಮೆತ್ತೆಯ ಪಾದರಕ್ಷೆಗಳನ್ನು ಅಂದು ಕಚೇರಿಯ ಕಪಾಟಿನಿಂದ ತೆಗೆದು ನಮಗೆ ತೊಡಿಸುತ್ತಿದ್ದರು. ಡಾಕ್ಟರು ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅಂಚನ್ನು ಪೆನ್ನಿನಿಂದ ಬರೆದುಕೊಳ್ಳುತ್ತಿದ್ದರು. ವಾಹನ ಹೋದ ಮೇಲೆ ನಾವು ಮತ್ತೆ ಮಡಿಗೆ.

ಒಮ್ಮೆ ಸೋಮೋಯೆಯ ಗಾಯದ ಅಂಚಿನಲ್ಲಿ ಉಪ್ಪಿನ ಹರಳು ಸಿಕ್ಕಿಕೊಂಡಿತ್ತು. ಡಾಕ್ಟರ್ ಇಕ್ಕಳದಿಂದ ಅದನ್ನು ಕಿತ್ತು ತಟ್ಟೆಗೆ ಹಾಕಿದರು. ಟಣ್ ಎಂದಿತು. ಅವರು ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರ್ ಸಮುದ್ರದ ಕಡೆ ನೋಡುತ್ತಿದ್ದ. ಡಾಕ್ಟರ್ ಹಾಳೆಯ ಮೇಲೆ ಗೆರೆ ಎಳೆದರು.

ನನ್ನ ಗುಳಿ ಮುಚ್ಚುತ್ತ ಬಂತು. ತಳದಲ್ಲಿ ಕೆಂಪು ಮಾಂಸ ಎದ್ದಿತು, ಅಂಚಿನಿಂದ ಹೊಸ ಚರ್ಮ ತೆವಳಿ ಬಂತು. ಡಾಕ್ಟರ್ ಕಿಸಂಗಾ ಮೊದಲ ಸಲ ನಕ್ಕರು, ನನ್ನ ಹಿಮ್ಮಡಿಯ ಫೋಟೋ ತೆಗೆದರು. “ಭೇಷ್, ಅಥ್ಮಾನಿ!” ಎಂದರು, ಚರ್ಮವನ್ನು ನಾನೇ ನೇಯ್ದೆನೋ ಎಂಬಂತೆ. ಸೋಮೋಯೆಯದು ಮೊದಲು ಸ್ವಲ್ಪ ಕಿರಿದಾದಂತೆ ಕಂಡು ಆಮೇಲೆ ಬೆರಳುಗಳ ಕಡೆಗೆ ಹರಡಿತು. ಕಿರುಬೆರಳು ಕಪ್ಪಾಯಿತು.

“ಬೇರೆ ಟ್ಯೂಬ್ ಕೊಡಿ,” ಎಂದು ಅವಳು ಕೇಳಿದಳು. “ಅಥ್ಮಾನಿ ಹಚ್ಕೊಳ್ಳೋದು ಕೊಡಿ.”

“ಹಾಗೆ ಬದಲಾಯಿಸೋಕೆ ಬರಲ್ಲ, ತಾಯಿ. ತುಂಬಾ ಹೆಚ್ಚಾದ್ರೆ ನಿಮ್ಮನ್ನ ಪರೀಕ್ಷೆಯಿಂದ ಬಿಡಿಸಿ ಆಸ್ಪತ್ರೆಗೆ ಕಳಿಸ್ತೀವಿ.”

“ಆಸ್ಪತ್ರೇಲಿ ಏನ್ ಮಾಡ್ತಾರೆ?”

ಅವರು ಪಟ್ಟಿ ಕಟ್ಟುವುದನ್ನು ಮುಂದುವರಿಸಿದರು.

ನಮ್ಮ ಸಾಲಿನಲ್ಲಿ ಊಟ ಒಂದೇ ಅಗಲದ ಹರಿವಾಣದಲ್ಲಿ. ಅನ್ನವಿರಲಿ, ಜೋಳದ ಹಿಟ್ಟಿನ ಉಗಾಲಿ ಇರಲಿ, ಸುತ್ತ ಕೂತು ಎಲ್ಲರೂ ಕೈ ಹಾಕುತ್ತೇವೆ. ಬೇರೆ ತಟ್ಟೆ ಹಿಡಿದು ಮೂಲೆಗೆ ಹೋಗುವವನನ್ನು ಜನ ಮಾಟಗಾರನೆಂದು ಅನುಮಾನಿಸುತ್ತಾರೆ. ಆ ದಿನ ಮಧ್ಯಾಹ್ನ ಸೋಮೋಯೆ ಎರಡು ತುತ್ತು ತಿಂದು ಕೈ ತೊಳೆದಳು. ಚೌಸಿಕು ನನ್ನನ್ನೇ ನೋಡುತ್ತಿದ್ದಳು.

“ಏನ್ ಅಂಗ್ ನೋಡ್ತೀಯೆ?”

“ನಿನ್ ಹಿಮ್ಮಡಿ ಬಲ್ ಸೊಗಸಾಗದೆ. ಮದ್ವೆ ಮಾಡ್ಬೋದು.”

“ನಾನೇನ್ ಕದ್ದಿದೀನಾ? ಅವ್ರ್ ಕೊಟ್ಟಿದ್ದು.”

“ಕದ್ದೆ ಅಂದ್ನಾ? ಮೀನು ನಿನ್ ಕಡೆ ಬಂದದೆ. ತಳ್ಳು ಅಂದೆ.”

ಸೋಮೋಯೆ ಹೇಳಿದಳು, “ಬಿಡೇ. ಅವ್ನ್ ಕಾಲು ಅವ್ನ್ದು. ಇನ್ನೆರಡ್ ವಾರಕ್ಕೆ ಮುಚ್ಕೊತದೆ.”

ಅಷ್ಟೇ ಹೇಳಿದಳು. ಬೈದಿದ್ದರೆ ನಾನೂ ಬೈಯಬಹುದಿತ್ತು.

ಆ ಸಂಜೆ ಮಚುಪಾನ ಮೆಟ್ಟಿಲ ಮೇಲಿನ ಹನ್ನೊಂದು ಟ್ಯೂಬುಗಳನ್ನು ನಾವು ಹಚ್ಚಿಕೊಂಡು ವಾಪಸು ಇಡಲಿಲ್ಲ. ತೆಗೆದುಕೊಂಡು ಸಾಲಿಗೆ ಬಂದೆವು. ಚೌಸಿಕು ಮರದ ಬಟ್ಟಲು ತೊಳೆದು ಬಿಸಿನೀರು ಹಾಕಿ ಒಣಗಿಸಿದಳು. ಒಬ್ಬೊಬ್ಬರಾಗಿ ಹಿಂಡಿದರು. ಎಲ್ಲದಕ್ಕೂ ಒಂದೇ ಬಣ್ಣ, ಒಂದೇ ವಾಸನೆ. ಕೊನೆಗೆ ಹಿಂಡಿದವನು ನಾನು. ಚೌಸಿಕು ಚಮಚದ ಹಿಂಬದಿಯಿಂದ ಕಲಸಿ, ಕುಡಿಯುವ ನೀರಿನ ಹರವಿಯ ಕೆಳಗಿನ ಒದ್ದೆ ಮರಳಿನಲ್ಲಿ ಬಟ್ಟಲನ್ನು ಹೂತಿಟ್ಟಳು. ಅಂದಿನಿಂದ ಎಲ್ಲರೂ ಅದರಿಂದಲೇ ಹಚ್ಚಿಕೊಂಡೆವು. ಮಚುಪಾನ ಹೆಂಡತಿಗೆ ಟ್ಯೂಬು ಎಣಿಸುವ ಕೆಲಸ ತಪ್ಪಿತ್ತು. ಅವಳು ಗಂಡನಿಗೆ ಹೇಳಲಿಲ್ಲ.

ಡಾಕ್ಟರು ಬಂದಾಗ ಬೆರೆಸಿದ್ದನ್ನು ಸೋಮೋಯೆಯೇ ಹೇಳಿದಳು. ಬಟ್ಟಲನ್ನೂ ತಂದು ಮುಂದಿಟ್ಟಳು.

ಡಾಕ್ಟರ್ ಕಿಸಂಗಾ ಬಟ್ಟಲನ್ನು ನೋಡಿದರು. ಗೋದಾಮಿನ ಜಗಲಿಯ ಮೇಲೆ ಕೂತುಬಿಟ್ಟರು.

“ಬೆರೆಸಿದ್ರೆ ಮದ್ದು ತೆಳ್ಳಗಾಗುತ್ತೆ. ಯಾರಿಗೂ ಸಾಕಾಗಲ್ಲ. ಅಷ್ಟೂ ಗೊತ್ತಾಗಲಿಲ್ವಾ ನಿಮಗೆ?”

“ನಮ್ ಸಾರೂ ಅಷ್ಟೇ,” ಎಂದಳು ಚೌಸಿಕು. “ಜನ ಹೆಚ್ಚಾದ್ರೆ ತೆಳ್ಳಗಾಯ್ತದೆ. ಅದ್ಕೇಂತ ಯಾರ್ನೂ ಎಬ್ಬಿಸ್ ಕಳ್ಸಲ್ಲ.”

“ಅಥ್ಮಾನಿ, ನಿನ್ನದು ಮುಚ್ಚುತ್ತಾ ಇತ್ತಲ್ಲಯ್ಯ! ನೀನ್ಯಾಕೆ ಹಾಕಿದೆ?”

“ಮನಸ್ಸಿರ್ಲಿಲ್ಲ ಡಾಕ್ಟ್ರೇ,” ಎಂದೆ. “ಆದ್ರೆ ಸೋಮೋಯೆ ದಿನಾ ಎದ್ರುಗೇ ಕೂತು ಉಣ್ತಾಳೆ.”

“ಈಗ ಈ ಮದ್ದು ಕೆಲಸ ಮಾಡುತ್ತೋ ಇಲ್ವೋ ಅಂತ ನಿಮ್ಮಿಂದ ತಿಳಿಯೋ ಹಾಗೇ ಇಲ್ಲ.”

“ಉಪ್ಪುನೀರಲ್ಲಿ ನಿಲ್ಸಿದ್ರೆ ಕಾಲು ಕೊಳೀತದೆ ಅಂತ ತಿಳೀತಲ್ಲ,” ಎಂದಳು ಸೋಮೋಯೆ. “ಆ ಹರಳು ನೀವೇ ಕಿತ್ತಿರಿ.”

ಮ್ಯಾನೇಜರ್ ಕಿರುಚಿದ. “ಹಂದಿಗಳಾ! ನಿಮಗೆ ಡಾಕ್ಟರ್ ಬೇರೆ ಕೇಡು! ಬಟ್ಟಲು ನೆಕ್ಕೋ ನಾಯಿಗಳಿಗೆ ಮದ್ದಂತೆ!” ಡಾಕ್ಟರ್ ಸೋಮೋಯೆಯ ಕಾಲಿನ ಬಟ್ಟೆ ಬಿಚ್ಚಿ ನೋಡಿ, ಅವಳನ್ನು ತಮ್ಮ ವಾಹನದಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪರೀಕ್ಷೆ ಅಂದೇ ಮುಗಿಯಿತು. ಯಾವ ಟ್ಯೂಬಿನಲ್ಲಿ ಮದ್ದಿತ್ತು ಎಂಬುದು ಎಲ್ಲೋ ಯಾರಿಗೋ ಗೊತ್ತಿದ್ದೀತು. ನಮಗೆ ಹೇಳಲಿಲ್ಲ.

ಸೋಮೋಯೆಯ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ನನ್ನ ಗುಳಿ ಮುಚ್ಚುವುದು ಅರ್ಧಕ್ಕೇ ನಿಂತಿತು.

ಅವಳು ಊರುಗೋಲು ಊರಿಕೊಂಡು ವಾಪಸು ಬಂದದ್ದು ಹುಣ್ಣಿಮೆಯ ಆಸುಪಾಸು. ಹುಣ್ಣಿಮೆಗೆ ದೊಡ್ಡ ಭರತ, ಸಮುದ್ರ ಉಕ್ಕಿ ಏರುತ್ತದೆ. ಅಂಥ ದಿನ ಮಧ್ಯಾಹ್ನವೇ ತೂಬಿನ ಹಲಗೆ ಎತ್ತಿ ಸಮುದ್ರದ ನೀರನ್ನು ಆಗರದ ಕೆರೆಗೆ ಬಿಟ್ಟುಕೊಳ್ಳುತ್ತೇವೆ. ನೀರು ಮಡಿಗಳ ಬದುವಿಗೆ ಏರುವ ಮೊದಲು ಹಲಗೆ ಇಳಿಸಬೇಕು. ಆ ಹುಣ್ಣಿಮೆಯ ದಿನ ಹಲಗೆ ಎತ್ತಿ ಆಗಿತ್ತು. ಮೂರು ಗಂಟೆಗೆ ಮಚುಪಾ ಇಬ್ಬರು ಕಾವಲುಗಾರರೊಂದಿಗೆ ಸಾಲಿಗೆ ಬಂದ. ಸೋಮೋಯೆಯ ಚಾಪೆ, ಪಾತ್ರೆ ಹೊರಗೆ ಬಿತ್ತು.

“ಒಂಟಿ ಕಾಲಲ್ಲಿ ಕೆದಕಕ್ಕೆ ನೀನೇನ್ ಕೊಕ್ಕರೆಯೇನೇ? ನಡಿ. ನಾಳೆ ಇಲ್ಲಿಗ್ ಬೇರೆಯೋರ್ ಬರ್ತಾರೆ.”

ಸೋಮೋಯೆ ಹೊಸ್ತಿಲಲ್ಲಿ ಕೂತಳು. ಚೌಸಿಕು ಮಡಿಯಿಂದ ಬಂದು ಅವಳ ಪಕ್ಕ ಕೂತಳು. ಆಮೇಲೆ ನಾನು. ಆಮೇಲೆ ಉಳಿದವರು; ಹುಣ್ಣಿಲ್ಲದ, ನೆಟ್ಟಗಿನ ಕಾಲಿನವರೂ ಬಂದರು. ಕಾವಲುಗಾರರು ಯಾರನ್ನು ಮೊದಲು ಎಳೆಯಬೇಕೆಂದು ತಿಳಿಯದೆ ನಿಂತರು.

“ಏಳ್ರೋ ಬೋಳಿಮಕ್ಳಾ! ನೀರ್ ಏರ್ತಾ ಅದೆ, ಹಲ್ಗೆ ಇಳಿಸ್ಬೇಕು!”

“ಅವ್ಳ ಚಾಪೆ ಒಳಗ್ ಹಾಕು,” ಎಂದಳು ಚೌಸಿಕು.

“ಹಲ್ಗೆ ಇಳಿಸ್ರೋ!”

“ಚಾಪೆ.”

ಮಚುಪಾ ಕಾವಲುಗಾರರನ್ನು ಕರೆದುಕೊಂಡು ತೂಬಿಗೆ ಓಡಿದ. ಆ ಹಲಗೆ ಇಳಿಸಲು ಆರು ಜನ ಬೇಕು. ಕತ್ತಲಾಗುವ ಹೊತ್ತಿಗೆ ಸಮುದ್ರ ಬದು ದಾಟಿತು. ಮಡಿಗಳಲ್ಲಿದ್ದ ಉಪ್ಪು ಕರಗಿತು.

ಮರುದಿನ ಬೆಳಿಗ್ಗೆ ಪೊಲೀಸ್ ಜೀಪು ಬಂತು. ಹಲಗೆ ಇಳಿಸದವರು ಯಾರೆಂದು ಇನ್‌ಸ್ಪೆಕ್ಟರ್ ಕೇಳಿದ. ಎಲ್ಲರೂ ಎದ್ದು ನಿಂತೆವು. ಸೋಮೋಯೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಹಿಂದೆ ಎಂಟು ಜನಕ್ಕಷ್ಟೇ ಜಾಗವಿತ್ತು. ಉಳಿದವರು ಜೀಪಿನ ಹಿಂದೆ ನಡೆದುಕೊಂಡು ಠಾಣೆಗೆ ಹೋದೆವು.