ನೂಲು ತೆಗೆಯುವವರ ಲೆಕ್ಕ

“ಸೂತಕ ಇಟ್ಕೊಂಡು ನನ್ನ ಹುಳದ ಮನೇಲಿ ನಿಂತಿದ್ದೀರೇನ್ರೋ, ಹೊಲೆ ಮುಂಡೇವಾ. ಬರ್ರೋ ಈಚೆಗೆ.”

ಚೆನ್ನರಾಯಪ್ಪ ಬಾಗಿಲಾಚೆ ನಿಂತು ಹೀಗೆ ಕೂಗಿದಾಗ ನಾನೂ ನನ್ನ ಹೆಂಡತಿ ಗಂಗುಲಮ್ಮನೂ ಅವನ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆವು. ನಾನು ಸಾದಲಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಲೆಕ್ಕ ಕಲಿಸಿ ನಿವೃತ್ತನಾದವನು. ಗಂಗುಲಮ್ಮ ಮಾತ್ರ ಆ ಮನೆಯ ಕೂಲಿ ಬಿಟ್ಟಿರಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚೆ ಬಿಡುವಿಲ್ಲದೆ ತಿನ್ನುವ ದಿನಗಳಲ್ಲಿ ನಾನೂ ಕೈಹಾಕುತ್ತಿದ್ದೆ. ಯಾರ ಸೂತಕವೆಂದು ತಿಳಿಯದೆ ಸೊಪ್ಪಿನ ಬುಟ್ಟಿ ಹಿಡಿದೇ ನಿಂತೆ.

“ನಿನ್ನ ಮಗಳು ಸತ್ತವಳೆ ಕಣೋ ಕೋನಪ್ಪ. ಚಿಕ್ಕಬಳ್ಳಾಪುರದಿಂದ ನಮ್ಮನೆಗೆ ಫೋನ್ ಬಂತು. ಮೊದ್ಲು ಆಚೆ ಬಾ, ಆಮೇಲೆ ಅಳುವಂತೆ.”

ನಾವು ಹೊರಗೆ ಬಂದೆವು. ಅವನು ಹೊಸ್ತಿಲಿಗೆ ಗಂಜಲ ಹಾಕಿಸಿದ. ಅದು ತೊಂಬತ್ತಮೂರನೆಯ ಇಸವಿಯ ಜುಲೈ ತಿಂಗಳು.

ನನ್ನ ಮಗಳು ಆಂಜಿನಮ್ಮನಿಗೆ ಆಗ ಮೂವತ್ತೊಂದು ವರ್ಷ. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಮಕ್ಕಳು ಲೆಕ್ಕವನ್ನು ಹೇಗೆ ಕಲಿಯುತ್ತಾರೆ, ಏಕೆ ಕಲಿಯದೆ ಹೋಗುತ್ತಾರೆ ಎಂಬ ವಿಷಯದಲ್ಲಿ ಪಿಎಚ್.ಡಿ.ಗೆ ಸೇರಿದ್ದಳು. ಪ್ರಬಂಧ ಬರೆದು ಬೈಂಡು ಮಾಡಿಸಿ ಎರಡು ವರ್ಷವಾಗಿತ್ತು. ಮಾರ್ಗದರ್ಶಕರ ಸಹಿ ಬಿದ್ದಿರಲಿಲ್ಲ. ಚಿಕ್ಕಬಳ್ಳಾಪುರದ ಒಂದು ಶಿಕ್ಷಣ ಕಾಲೇಜಿನಲ್ಲಿ ನಮ್ಮವರಿಗೆಂದು ಮೀಸಲಾದ ಅಧ್ಯಾಪಕರ ಹುದ್ದೆಯೊಂದಿತ್ತು. ಮೂರು ಸಲ ಅರ್ಜಿ ಕರೆದರು. ಪದವಿ ಇಲ್ಲವೆಂದು ಇವಳನ್ನು ಮೂರು ಸಲವೂ ಹೊರಗೆ ಕಳಿಸಿ, ‘ಅರ್ಹ ಅಭ್ಯರ್ಥಿ ದೊರೆಯಲಿಲ್ಲ’ ಎಂದು ಬರೆದು ಹುದ್ದೆಯನ್ನು ಖಾಲಿ ಬಿಟ್ಟರು. ಹಾಗೆ ಬರೆದ ಪ್ರಾಂಶುಪಾಲರೂ ಸಹಿ ಹಾಕದ ಮಾರ್ಗದರ್ಶಕರೂ ಒಬ್ಬರೇ, ಡಾಕ್ಟರ್ ವರದರಾಜ.

ಹೊಟ್ಟೆಪಾಡಿಗೆ ಅವಳು ಗೌರಿಬಿದನೂರಿನ ಒಂದು ಶಾಲೆಯಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದಳು. ಅಲ್ಲಿ ಬಾಡಿಗೆಗೆ ಕೋಣೆ ಕೇಳಿದ ಕಡೆಯಲ್ಲೆಲ್ಲ ಮೊದಲು ಅಪ್ಪನ ಹೆಸರು ಕೇಳಿದರು, ಆಮೇಲೆ ಊರಿನಲ್ಲಿ ಮನೆ ಯಾವ ಬೀದಿಯಲ್ಲಿ ಎಂದು ಕೇಳಿದರು, ಆಮೇಲೆ ಕೋಣೆ ಆಗಲೇ ಹೋಯಿತು ಎಂದರು. ಹೀಗಾಗಿ ದಿನವೂ ನಮ್ಮೂರಿನಿಂದ ಬಸ್ಸು ಬದಲಾಯಿಸಿ ಬದಲಾಯಿಸಿ ಹೋಗಿ ಬರುತ್ತಿದ್ದಳು. ಮೈ ಸುಡುವ ಜ್ವರದಲ್ಲಿಯೂ ಒಂಬತ್ತು ದಿನ ಹೋದಳು. ರಜೆ ಹಾಕಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರಂತೆ. ಹೋಗಬೇಡ ಎಂದು ನಾನೂ ಗಟ್ಟಿಯಾಗಿ ಹೇಳಲಿಲ್ಲ. ಹತ್ತನೆಯ ದಿನ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿದವಳು ಏಳಲಿಲ್ಲ. ನಿದ್ದೆ ಮಾಡುತ್ತಿದ್ದಾಳೆಂದು ತಿಳಿದು ಯಾರೋ ಅವಳ ಕಾಲ ಬಳಿ ಕುಳಿತು ಕಡಲೆಕಾಯಿ ತಿಂದಿದ್ದರು. ಸಿಪ್ಪೆ ಅವಳ ಸೀರೆಯ ಮೇಲೆಯೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಅವಳ ಚೀಲ ಬಿಚ್ಚಿದೆ. ಮಕ್ಕಳ ಉತ್ತರಪತ್ರಿಕೆಗಳೂ ಒಂದು ನೋಟ್‌ಬುಕ್ಕೂ ಇದ್ದವು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರ ಪಕ್ಕದಲ್ಲಿ ಆರು ವರ್ಷ ಕುಳಿತು ಅವಳು ಬರೆದ ಹದಿನೇಳು ನೋಟ್‌ಬುಕ್ಕುಗಳಲ್ಲಿ ಅದೊಂದು. ಉಳಿದ ಹದಿನಾರನ್ನು ಪರಿಶೀಲಿಸುತ್ತೇನೆಂದು ವರದರಾಜರು ತಮ್ಮ ಬಳಿ ಇಟ್ಟುಕೊಂಡಿದ್ದರು.

ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತ ಹೆಂಗಸು ಒಟ್ಟಿಗೆ ಆರು ಎಳೆ ತೆಗೆಯುತ್ತಾಳೆ. ಒಂದೊಂದು ಎಳೆಗೆ ಎಂಟು ಗೂಡು. ಒಂದು ಗೂಡು ಮುಗಿದರೆ ಎಳೆ ತೆಳುವಾಗುತ್ತದೆ. ಅದು ಆರರಲ್ಲಿ ಯಾವುದು, ಎಷ್ಟು ಕಡಿಮೆಯಾಯಿತು ಎಂಬುದು ಅವಳ ಬೆರಳ ತುದಿಗೆ ಗೊತ್ತಾಗುತ್ತದೆ. ಮಾತಾಡುತ್ತಲೇ ಹೊಸ ಗೂಡಿನ ತುದಿಯನ್ನು ಸೇರಿಸಿಬಿಡುತ್ತಾಳೆ. ನಲವತ್ತೆಂಟು ಗೂಡುಗಳ ಲೆಕ್ಕ ಬೆಳಗಿನಿಂದ ಸಂಜೆಯವರೆಗೆ ತಪ್ಪುವುದಿಲ್ಲ. ಇಂಥವರು ಶಾಲೆಯಲ್ಲಿ ಲೆಕ್ಕಕ್ಕೆ ನಪಾಸಾದದ್ದು ಹೇಗೆ ಎಂಬುದೇ ನನ್ನ ಮಗಳ ಪ್ರಶ್ನೆ.

ನೋಟ್‌ಬುಕ್ಕಿನ ನಡುವೆ ಹೀಗೆ ಬರೆದಿತ್ತು: ‘ಮುನಿಶಾಮಮ್ಮ, ವಯಸ್ಸು ಮೂವತ್ತೆಂಟು. ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟರು. ಬೆರಳ ಗೆಣ್ಣು ಹಿಡಿದು ಎಣಿಸಿದ್ದಕ್ಕೆ ಮೇಷ್ಟ್ರು ಅದೇ ಗೆಣ್ಣುಗಳ ಮೇಲೆ ರೂಲುದೊಣ್ಣೆಯಿಂದ ಹೊಡೆದರು. ಮೇಷ್ಟ್ರ ಹೆಸರು ಕೋನಪ್ಪ. ನನ್ನ ಅಪ್ಪ.’

ಹೊಡೆದದ್ದು ನಿಜ. ನಮ್ಮ ಕೇರಿಯ ಮಕ್ಕಳನ್ನೇ ಹೆಚ್ಚು ಹೊಡೆಯುತ್ತಿದ್ದೆ. ಅವರು ಬೆರಳು ಮಡಿಸಿದರೆ ಊರಿನ ಮಕ್ಕಳು ಹೊಲೇರ ಲೆಕ್ಕ ಎಂದು ನಗುತ್ತಿದ್ದರು. ಆ ನಗು ನನ್ನ ಮೇಲೂ ಬೀಳುತ್ತಿತ್ತು. ಇದನ್ನು ಬರೆದಿಟ್ಟುಕೊಂಡ ಮಗಳು ನನ್ನೆದುರಿಗೆ ಒಂದು ದಿನವೂ ಮಾತೆತ್ತಿರಲಿಲ್ಲ.

ತಿಥಿ ಕಳೆದ ಮೇಲೆ ವರದರಾಜರ ಮನೆಗೆ ಹೋದೆ. ಅವರು ಗೇಟಿನ ಒಳಗಡೆ, ನಾನು ಹೊರಗಡೆ. ಈಗಲಾದರೂ ಸಹಿ ಮಾಡಿ ಪ್ರಬಂಧವನ್ನು ಅವಳ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಕಳಿಸಿಕೊಡಿ ಎಂದು ಕೈಮುಗಿದೆ. ಸತ್ತವರಿಗೆ ಪದವಿ ಕೊಡುವ ನಿಯಮವಿಲ್ಲ ಎಂದರು. ಹಾಗಾದರೆ ಅವಳ ಪ್ರಬಂಧವನ್ನೂ ನೋಟ್‌ಬುಕ್ಕುಗಳನ್ನೂ ಕೊಡಿ ಎಂದೆ.

“ಕೊಡೋಣ, ಎಲ್ಲಿಗೋಗುತ್ತೆ. ಮುಂದಿನ ತಿಂಗಳು ಕಾಲೇಜಲ್ಲಿ ವಿಚಾರಗೋಷ್ಠಿ ಇದೆ. ಬೆಂಗಳೂರಿಂದ ದೊಡ್ಡವರು ಬರ್ತಾರೆ. ಆ ನೂಲಿನ ಹೆಂಗಸರನ್ನ ಕರ್ಕೊಂಡು ಬಾ, ಕೆಲಸ ಮಾಡಿ ತೋರಿಸ್ಲಿ. ಅದಾದ್ಮೇಲೆ ತಗೊಂಡೋಗು. ಒಂದ್ಮಾತು ಹೇಳ್ತೀನಿ ಕೋನಪ್ಪ, ನಿನ್ನ ಮಗಳು ಕಷ್ಟಜೀವಿ. ಆದ್ರೆ ನಿಮ್ಮೋರಿಗೆ ಥಿಯರಿ ಹತ್ತಲ್ಲ. ಅದನ್ನೆಲ್ಲ ನಾನೇ ಕೂತು ಸರಿ ಮಾಡ್ಬೇಕಾಯ್ತು.”

ನೋಟ್‌ಬುಕ್ಕಿನ ಆಸೆಯಿಂದ ಆಗಲಿ ಎಂದೆ.

ಶಿಡ್ಲಘಟ್ಟಕ್ಕೆ ಹೋದಾಗ ಮುನಿಶಾಮಮ್ಮ ತೊಟ್ಟಿಯ ಮುಂದಿದ್ದಳು. ನೀರಿನಲ್ಲಿ ನೆನೆದು ಬಿಳಿಚಿಕೊಂಡ ಬೆರಳುಗಳು ನನ್ನನ್ನು ಕಂಡೂ ನಿಲ್ಲಲಿಲ್ಲ. ನಾನು ವಿಷಯ ಹೇಳಿದೆ. ಹಳೆಯದಕ್ಕೆ ಕ್ಷಮಿಸು ಎಂದೂ ಹೇಳಿದೆ.

“ಅದ್ಯಾಕ್ ಬಿಡಿ ಮೇಷ್ಟ್ರೇ, ಹೊಡೆದ ಮೇಲೆ ಬೆರಳು ನೆಟ್ಟಗಾಯ್ತು,” ಎಂದು ಪಕ್ಕದವಳ ಕಡೆ ನೋಡಿ ನಕ್ಕಳು. ಆಮೇಲೆ ನಗದೆ ಹೇಳಿದಳು: “ನೀವ್ ಕರೆದ್ರೆ ನಾನ್ ಬರಾಕಿಲ್ಲ. ಆ ಮಗು ಹೆಸ್ರಿಗೆ ಬರ್ತೀನಿ.”

ಗೋಷ್ಠಿಯ ದಿನ ಐದು ಜನ ಹೆಂಗಸರು ಬಂದರು. ಮುಂಬಾಗಿಲಲ್ಲಿ ತಡೆದು ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಬಿಟ್ಟರು. ವೇದಿಕೆಯ ಕೆಳಗೆ ಒಲೆ ಹೂಡಿ, ತೊಟ್ಟಿಯಲ್ಲಿ ನೀರು ಕಾಯಿಸಿ, ನೂಲು ಸುತ್ತುವ ಒಂದು ಚರಕ ಇಟ್ಟಿದ್ದರು. ಮುನಿಶಾಮಮ್ಮ ಅದರ ಮುಂದೆ ಕುಳಿತು ಎಳೆ ತೆಗೆಯತೊಡಗಿದಳು. ವೇದಿಕೆಯ ಮೇಜಿನ ಮೇಲೆ ನನ್ನ ಮಗಳ ಹದಿನಾರು ನೋಟ್‌ಬುಕ್ಕುಗಳು ಸಾಲಾಗಿದ್ದವು. ವರದರಾಜರು ಮೈಕಿನಲ್ಲಿ ‘ನನ್ನ ಸಂಶೋಧನೆ’ ಎಂದು ಶುರುಮಾಡಿ ಅರ್ಧ ಗಂಟೆ ಮಾತನಾಡಿದರು. ಕೊನೆಯಲ್ಲಿ, ಮಾಹಿತಿ ಸಂಗ್ರಹಿಸಲು ನೆರವಾದ ವಿದ್ಯಾರ್ಥಿನಿಯೊಬ್ಬಳು ಈಚೆಗೆ ತೀರಿಕೊಂಡಳು ಎಂದರು. ಹೆಸರು ಹೇಳಲಿಲ್ಲ.

ಬೆಂಗಳೂರಿನಿಂದ ಬಂದವರೊಬ್ಬರು ಬಗ್ಗಿ, ಎಣಿಸದೆ ಹೇಗಮ್ಮ ಗೊತ್ತಾಗುತ್ತೆ ಎಂದು ಮುನಿಶಾಮಮ್ಮನನ್ನು ಕೇಳಿದರು. ಅವಳು ಇನ್ನೊಂದು ಗೂಡಿನ ತುದಿಯನ್ನು ಎಳೆಗೆ ಸೇರಿಸಿದಳು. ಮತ್ತೆ ಕೇಳಿದರು. ವರದರಾಜರು ಮೈಕು ಹಿಡಿದೇ ಕೆಳಗಿಳಿದು ಬಂದರು.

“ಹೇಳಮ್ಮ. ಆ ಹುಡುಗಿಗೆ ಹೇಳಿದ್ಯಲ್ಲ, ಅದನ್ನೇ ಹೇಳು.”

“ಆ ಹುಡುಗಿಗೆ ಹೆಸ್ರಿಲ್ವಾ ಸಾಮಿ?”

“ಅದೆಲ್ಲ ಆಮೇಲೆ. ದೊಡ್ಡೋರು ಕಾಯ್ತಾವ್ರೆ, ಬೇಗ ಹೇಳು.”

ಮುನಿಶಾಮಮ್ಮ ನೀರಿನಿಂದ ಕೈ ತೆಗೆದಳು. ಆರೂ ಎಳೆ ತುಂಡಾದವು.

“ಆಂಜಿನಮ್ಮ ಆರು ವರ್ಷ ನನ್ನ ಪಕ್ಕ ಕುಂತ್ಕೊಂಡು ಕೈ ಸುಟ್ಕೊಂಡು ಕಲ್ತ್ಲು. ನಿಂಗೂ ಬೇಕಾ? ತೊಟ್ಟಿಗೆ ಕೈ ಹಾಕು, ಹೇಳಿಕೊಡ್ತೀನಿ. ಹಾಕೋ ಕಳ್ಳ ಸೂಳೆಮಗನೆ.”

ಮೈಕು ಅವರ ಕೈಯಲ್ಲೇ ಇತ್ತು. ಸಭೆಗೆಲ್ಲ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ವರದರಾಜರು ನನ್ನ ಕಡೆ ತಿರುಗಿ, ಈ ಹೆಂಗಸಿಗೆ ಬುದ್ಧಿ ಹೇಳು ಎಂದು ಮೈಕನ್ನು ನನಗೆ ಕೊಟ್ಟರು.

ನಾನು ವೇದಿಕೆ ಹತ್ತಿ, ಜೊತೆಗೆ ತಂದಿದ್ದ ಆ ಹದಿನೇಳನೆಯ ನೋಟ್‌ಬುಕ್ಕು ತೆರೆದು ಮಗಳ ಬರಹವನ್ನು ಓದಿದೆ. ‘ಮೇಷ್ಟ್ರ ಹೆಸರು ಕೋನಪ್ಪ. ನನ್ನ ಅಪ್ಪ.’ ಆ ಕೋನಪ್ಪ ನಾನೇ ಎಂದೆ. ಇದನ್ನು ಬರೆದವಳು ಆಂಜಿನಮ್ಮ, ಇಲ್ಲಿರುವುದೆಲ್ಲ ಅವಳೇ ಬರೆದದ್ದು ಎಂದೆ. ಅಷ್ಟರಲ್ಲಿ ಯಾರೋ ಮೈಕಿನ ತಂತಿ ಕಿತ್ತರು. ನಾನು ಹೆಗಲ ಟವೆಲ್ಲು ಹಾಸಿ ಹದಿನಾರು ನೋಟ್‌ಬುಕ್ಕುಗಳನ್ನೂ ಗಂಟು ಕಟ್ಟಿಕೊಂಡೆ. ವರದರಾಜರು ಇದು ಕಳ್ಳತನ, ಪೊಲೀಸಿಗೆ ಬರೆದುಕೊಡುತ್ತೇನೆ ಎಂದರು. ಬೆಂಗಳೂರಿನವರು ತಮ್ಮ ಕಾಗದಗಳನ್ನು ನೋಡುತ್ತ ಕುಳಿತರು. ನಾವು ಆರು ಜನ ಮುಂಬಾಗಿಲಿನಿಂದ ಹೊರಗೆ ಬಂದೆವು. ಪ್ರಬಂಧ ಮಾತ್ರ ಅವರ ಬೀರುವಿನಲ್ಲೇ ಉಳಿಯಿತು.

ಬಸ್ಸಿಗೆ ಹೊತ್ತಿತ್ತು. ದಾರಿಯಲ್ಲಿ ಆಂಜನೇಯನ ಗುಡಿ ಬಾಗಿಲು ತೆರೆದಿತ್ತು. ಒಳಗೆ ಹೋಗುವ ಅಭ್ಯಾಸ ನಮಗಿಲ್ಲ. ರಸ್ತೆಯ ಮೇಲೆಯೇ ಚಪ್ಪಲಿ ಬಿಟ್ಟು, ಗಂಟನ್ನು ಎದೆಗವಚಿಕೊಂಡು ನಿಂತೆ. ಹೆಂಗಸರೂ ನಿಂತರು.

ತಂದೆ, ಹುಟ್ಟಿದ ದಿನ ನಿನ್ನ ಹೆಸರಿಟ್ಟುಕೊಂಡ ಮಗು ಅದು. ಪೊಲೀಸರು ಬರುವುದಾದರೆ ನನ್ನ ಮನೆಗೆ ಬರಲಿ. ನಾನು ಹೊಡೆದ ಬೆರಳುಗಳ ಪಾಪ ನನ್ನ ಮೇಲೆಯೇ ಇರಲಿ, ಅದನ್ನು ತೆಗೆ ಎಂದು ಕೇಳುವುದಿಲ್ಲ. ಅವಳು ಬಹಳ ದಣಿದು ಬಂದಿದ್ದಾಳೆ. ಆಂಜಿನಮ್ಮನ ಜೀವಕ್ಕೆ ಶಾಂತಿ ಕೊಡು.